ನಾಲ್ಕು ಕಡೆ ಕಟ್ಟದ ಲಡಿ

ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ಎಳೆಯನ್ನು ಬಿಡುವ ಹಾಗಿರಲಿಲ್ಲ. ಅಡುಗೆಮನೆಯಿಂದ ಅಮ್ಮ ಎರಡನೆಯ ಸಲ ಕೂಗಿದಾಗಲೂ ಮೋನಿಕಾ ಮೂಗಿನಲ್ಲೇ ಹೂಂ ಅಂದಳು. ಒಂದು ಎಳೆ ತುಟಿಯ ಸಂದಿಯಲ್ಲಿ, ಒಂದು ಎಡಗೈಯ ಹೆಬ್ಬೆರಳ ಮೇಲೆ, ಇನ್ನೊಂದು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡದ್ದು. ಉಳಿದದ್ದೆಲ್ಲ ಮಡಿಲಲ್ಲಿ, ಕಾಗೆ ಕೆದಕಿ ಬಿಟ್ಟುಹೋದ ಗೂಡಿನ ಹಾಗೆ. ಮಾವಿನ ಚಿಗುರಿನ ಬಣ್ಣದ ರೇಷ್ಮೆ ನೂಲಿನ ಲಡಿ, ಸಿಕ್ಕಾಗಿ ಬಿದ್ದದ್ದು. ಬೆಳಿಗ್ಗೆಯಿಂದ ಅವಳು ಇದರ ತುದಿ ಹುಡುಕುತ್ತಿದ್ದಳು. ಒಂದು ತುದಿ ಕೈಗೆ ಬಂದಿತ್ತು ಕೂಡ. ಬಂದ ಖುಷಿಗೆ ಎದೆ ಹಗುರಾಗಿ, ಅದನ್ನು ಒಂದು ಸುತ್ತಿನ ಕೆಳಗೆ ತೂರಿಸಿ, ಇನ್ನೊಂದರ ಮೇಲೆ ಹಾಯಿಸಿ, ಗೋಡೆಗೆ ಒರಗಿದ ಬೆನ್ನು ನೋಯುವವರೆಗೆ ಅದರ ಹಿಂದೆ ಹೋದಮೇಲೆ ಗೊತ್ತಾಯಿತು, ಅದು ಲಡಿಯ ತುದಿಯಲ್ಲ, ನಿನ್ನೆ ಸಿಟ್ಟು ಬಂದು ಅವಳೇ ಎಳೆದು ಹರಿದ ಎಳೆ. ತಾನೇ ಹರಿದದ್ದನ್ನು ತಾನೇ ಹಿಂಬಾಲಿಸಿ ತಾನು ಹರಿದ ಜಾಗಕ್ಕೇ ಬಂದು ನಿಂತಿದ್ದಳು. ಬಣ್ಣದ ಸಣ್ಣ ಕಹಿ ನಾಲಗೆಗೆ ಹತ್ತಿತು. ಉಗುಳುವುದಕ್ಕೂ ಬಾಯಿ ತೆರೆಯಬೇಕು.

ಮಗ್ಗದ ಗುಂಡಿಯಿಂದ ಎದ್ದು ಬಂದ ಅಪ್ಪ ಮಾದಪ್ಪ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು ನೋಡಿದ. ಕತ್ತರಿ ತಕಂಡು ಕತ್ತರಿಸಿ ಬಿಸಾಕವ್ವ ಅತ್ಲಾಗೆ, ಒಂದು ಲಡಿಗೆ ಇಷ್ಟು ಒದ್ದಾಡ್ತಾರಾ ಅಂದ. ಅಂದವನಿಗೂ ಗೊತ್ತು ಅದು ಆಗದ ಮಾತು ಅಂತ. ಅವಳ ಧಾರೆ ಸೀರೆಗೆಂದು ಬಣ್ಣ ಹಾಕಿಸಿದ ರೇಷ್ಮೆ ಅಷ್ಟೂ ಒಂದೇ ಸಲ ಒಂದೇ ಹಂಡೆಯಲ್ಲಿ ಮುಳುಗಿ ಎದ್ದದ್ದು; ಇನ್ನೊಂದು ಸಲ ಅದೇ ಬಣ್ಣ ಬರುವುದಿಲ್ಲ. ಬೇರೆ ಲಡಿ ತಂದು ನೇಯ್ದರೆ ಸೀರೆಯ ಒಡಲಲ್ಲಿ ಅಡ್ಡಕ್ಕೊಂದು ಗೆರೆ ಬೀಳುತ್ತದೆ, ಅಲ್ಲಿಂದ ಈಚೆಗೆ ಒಂದು ಸೀರೆ, ಆಚೆಗೆ ಇನ್ನೊಂದು ಸೀರೆ ಅನ್ನುವ ಹಾಗೆ. ಅಪ್ಪ ಬಗ್ಗಿ, ಸಿಕ್ಕಿನೊಳಗೆ ಕಿರುಬೆರಳು ಹಾಕಿ, ಏನೋ ಬಿಸಿ ತಾಗಿದವನ ಹಾಗೆ ತೆಗೆದುಕೊಂಡ. ಅತ್ತಿಗೆ ಇದ್ದಿದ್ದರೆ ಕಾಪಿ ಆರುವುದರೊಳಗೆ ಬಿಡಿಸಿ ಎಸೆಯುತ್ತಿದ್ದಳು ಅಂದ. ಒಳಗಿಂದ ಅಮ್ಮ, ಮದುವೆ ಇಟ್ಟುಕೊಂಡಿರೋ ಮನೆ ಕೆಲಸ ಬಿಟ್ಟು ನಿಮ್ಮತ್ತಿಗೆಗೆ ಈಗಲೇ ತಮ್ಮನ ಮನೆ ನೆನಪಾಗಬೇಕಾಗಿತ್ತಾ, ಕೈಗೆ ಬೇಕಾದಾಗಲೇ ಇರಲ್ಲ ಅಂದಳು. ಮೋನಿಕಾಳ ಬಾಯಲ್ಲಿ ಎಳೆ ಇತ್ತು. ಬಾಯಲ್ಲಿ ಎಳೆ ಇದ್ದದ್ದು ಒಳ್ಳೆಯದಾಯಿತು ಅಂತ ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕಿವಿ ಬೆಚ್ಚಗಾಯಿತು. ಅಪ್ಪನ ಅತ್ತಿಗೆ, ಅವಳ ದೊಡ್ಡವ್ವ, ಯಾಕೆ ಹೋದಳು ಎಂಬುದು ಈ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ.

ಸ್ಕೂಲಿಗೆ ಸೇರುವ ಮೊದಲೇ ಮೋನಿಕಾ ಈ ಮನೆಯ ಲಡಿ ಹಿಡಿಯುವವಳಾಗಿದ್ದಳು. "ಕೈ ನೀಡು ಕೂಸು" ಅನ್ನುತ್ತಿದ್ದಳು ದೊಡ್ಡವ್ವ, ಅಂದರೆ ಆಟ ಮುಗಿಯಿತು ಅಂತ ಅರ್ಥ. ಎದುರುಬದುರು ಕೂತು ಎರಡು ಕೈ ಮುಂದಕ್ಕೆ ನೀಡಬೇಕು, ಮಣಿಕಟ್ಟುಗಳ ಮೇಲೆ ಲಡಿ ಹಾಸುತ್ತಾಳೆ, ಕಟ್ಟಿದ್ದ ಬಿಳಿ ದಾರಗಳನ್ನು ಬಿಚ್ಚುತ್ತಾಳೆ, ಅಲ್ಲಿಂದ ಮುಂದೆ ಆ ಕೈಗಳು ನಿನ್ನವಲ್ಲ. ಎಳೆ ಎಡದಿಂದ ಬರುವಾಗ ಎಡಗೈ ಒಂಚೂರು ತಗ್ಗಬೇಕು, ಬಲದಿಂದ ಬರುವಾಗ ಬಲಗೈ. ತಗ್ಗದಿದ್ದರೆ ಎಳೆ ಬಿಗಿಯುತ್ತದೆ, ದೊಡ್ಡವ್ವನ ಹುಬ್ಬು ಏಳುತ್ತದೆ. ಮೂಗು ತುರಿಸಿದರೆ ದೊಡ್ಡವ್ವನೇ ಸೆರಗಿನ ತುದಿಯಿಂದ ತುರಿಸಬೇಕು. ಹಸಿವಾದರೆ ದೊಡ್ಡವ್ವನೇ ಬಾಯಿಗೆ ಕಡ್ಲೆಪುರಿ ಹಾಕಬೇಕು. ಮನೆಯಲ್ಲಿ ಲಡಿ ಸುತ್ತಲು ಮೋಟಾರು ಬಂದಮೇಲೂ, ಸಿಕ್ಕಾದವು, ಹಳೆಯವು, ಮೆಷಿನ್ನು ತಿನ್ನದೆ ಉಗುಳಿದವು ದೊಡ್ಡವ್ವನ ಪಾಲಿಗೇ ಬರುತ್ತಿದ್ದವು, ಅವಳ ಜೊತೆಗೆ ಇವಳ ಕೈಗಳೂ. ಕಾಲೇಜಿಗೆ ಹೋಗುವಾಗಲೂ ಬಸ್ಸಿಗೆ ಕಾಯುತ್ತ ನಿಂತಲ್ಲಿ ಅವಳ ಮಣಿಕಟ್ಟುಗಳು ತಾವೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಗ್ಗುವುದನ್ನು ಕಂಡು ಗೆಳತಿಯರು ನಗುತ್ತಿದ್ದರು. ಈಗ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವಾಗ, ಒಂದು ಫೈಲು ತೆರೆದುಕೊಳ್ಳಲು ತಡವಾದರೆ, ಅದೇ.

ಒಂದೇ ಒಂದು ಮಾತನ್ನು ದೊಡ್ಡವ್ವ ಮತ್ತೆ ಮತ್ತೆ ಹೇಳುತ್ತಿದ್ದಳು. ನಾಲ್ಕು ಕಡೆ ಕಟ್ಟದೆ ಲಡಿಯನ್ನು ಕೈಯಿಂದ ಇಳಿಸಬಾರದು. ಊಟಕ್ಕೆ ಏಳು, ನೀರಿಗೆ ಏಳು, ಬಾಗಿಲಿಗೆ ಯಾರೇ ಬಂದಿರಲಿ, ಮೊದಲು ನಾಲ್ಕು ಕಡೆ ದಾರ ಕಟ್ಟು, ಆಮೇಲೆ ಕೈಬಿಡಿಸು. ಉಸಿರಿಲ್ಲದ ದೊಡ್ಡಪ್ಪನನ್ನು ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಆಟೋದಲ್ಲಿ ತಂದು ಜಗಲಿಗೆ ಇಳಿಸಿದಾಗ ಇನ್ನೂ ಚಿಕ್ಕವಳಾಗಿದ್ದ ಮೋನಿಕಾ ದೊಡ್ಡವ್ವನ ಎದುರಿಗೆ ಕೈ ನೀಡಿಕೊಂಡು ಕೂತಿದ್ದಳು. ಹೊರಗೆ ಅಪ್ಪನ ಗಂಟಲು ಎಂದೂ ಕೇಳದ ಥರದಲ್ಲಿ ಒಡೆಯಿತು. ದೊಡ್ಡವ್ವನಿಗೆ ಆ ಸದ್ದಿನಲ್ಲೇ ಎಲ್ಲ ತಿಳಿದಿರಬೇಕು. ಅವಳು ಏಳಲಿಲ್ಲ. ಹತ್ತಿರವಿದ್ದ ಬಿಳಿ ದಾರ ತಗೊಂಡು ಮಗುವಿನ ಎಡಗೈಯ ಪಕ್ಕ ಒಂದು ಕಟ್ಟು ಹಾಕಿದಳು, ಬಲಗೈಯ ಪಕ್ಕ ಒಂದು, ಮೇಲೊಂದು, ಕೆಳಗೊಂದು. ನಾಲ್ಕನೆಯದಕ್ಕೆ ಗಂಟು ಜಾರಿತು. ಬಿಚ್ಚಿ ಇನ್ನೊಮ್ಮೆ ಹಾಕಿದಳು. ಆಮೇಲೆ ಲಡಿಯನ್ನು ಮಗುವಿನ ಕೈಯಿಂದ ತೆಗೆದು ಗೂಟಕ್ಕೆ ತೂಗುಹಾಕಿ ಹೊರಗೆ ಹೋದಳು. ಎಂಥ ಕಲ್ಲೆದೆ ಅಂತ ಬೀದಿಯವರು ಎಷ್ಟೋ ದಿನ ಆಡಿಕೊಂಡರು. ಮೋನಿಕಾಳಿಗೆ ನೆನಪಿರುವುದು ಬೇರೆ: ಗಂಟು ಹಾಕುವಾಗ ತನ್ನ ಮಣಿಕಟ್ಟಿಗೆ ತಾಗುತ್ತಿದ್ದ ಆ ಬೆರಳುಗಳ ತಣ್ಣನೆ.

ಅಮ್ಮ ತಟ್ಟೆಯ ಸದ್ದು ಮಾಡಿ ಮೂರನೆಯ ಸಲ ಕೂಗಿದಳು. ಮೋನಿಕಾ ಎಳೆಯನ್ನು ಬಾಯಿಂದ ಬಿಟ್ಟಳು. ಅದು ಸುಮ್ಮನೆ ಸಿಕ್ಕಿನೊಳಗೆ ಜಾರಿ, ತನ್ನಂಥ ಉಳಿದ ಎಳೆಗಳ ನಡುವೆ ಬೆರೆತು, ಯಾವುದು ಅಂತ ಗೊತ್ತಾಗದ ಹಾಗಾಯಿತು. ನಾನೇ ಕಾಮಗೆರೆಗೆ, ದೊಡ್ಡವ್ವನ ಹತ್ರ ತಗೊಂಡು ಹೋಗ್ತೀನಿ ಅಂದಳು. ಫೋನ್ ಮಾಡಿ ಕರೆಸಿದ್ರಾಗಲ್ವಾ ಅಂದಳು ಅಮ್ಮ. ಫೋನು ಮಾಡಿ ಆಗಿತ್ತು. ದೊಡ್ಡವ್ವ ಎಲ್ಲ ಮಾತಾಡಿದ್ದಳು, ಊಟ ಆಯ್ತಾ ಅಂದಿದ್ದಳು, ಬಿಸಿಲು ಜಾಸ್ತಿ ತಲೆಗೆ ಬಟ್ಟೆ ಹಾಕ್ಕೊಂಡು ಗಾಡಿ ಓಡಿಸು ಅಂದಿದ್ದಳು, ಅಪ್ಪನ ಮಂಡಿನೋವು ಕೇಳಿದ್ದಳು. ಎಲ್ಲೂ ಒಂದು ಗಂಟಿರಲಿಲ್ಲ ಆ ಮಾತಿನಲ್ಲಿ. ಎಲ್ಲಿ ಬೆರಳಿಡಬೇಕು ಅಂತ ತೋಚದೆ ಮೋನಿಕಾ ಫೋನಿಟ್ಟಿದ್ದಳು.

ಲಡಿಯನ್ನು ಚೀಲಕ್ಕೆ ತುರುಕಿದರೆ ಇನ್ನಷ್ಟು ಬಿಗಿಯುತ್ತದೆ. ಒಂದು ಮೊರದಲ್ಲಿ ಹರಡಿ, ಮೇಲೆ ಅಪ್ಪನ ಹಳೆಯ ಪಂಚೆ ಮುಚ್ಚಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬಸ್ಸು ತುಂಬ ಬೆಟ್ಟದ ದೇವರಿಗೆ ಹರಕೆ ಹೊತ್ತು ಹೋಗುವವರು. ಪಕ್ಕದ ಅಜ್ಜಿ ಪಂಚೆಯ ಅಂಚು ಎತ್ತಿ ನೋಡಿ, ಮುಡಿ ಕೊಡಾಕ ಅಂದಳು, ಆಮೇಲೆ ಬಣ್ಣ ಕಂಡು ಬೆಪ್ಪಾಗಿ ಕೈ ತೆಗೆದಳು. ಕಂಡಕ್ಟರು ಟಿಕೆಟ್ ಕೊಡುತ್ತ ಮೊರದ ಮೇಲೆ ಕಣ್ಣಿಟ್ಟ. "ಏನ್ ತಾಯಿ ಅದು, ಕೋಳಿನಾ? ಕೋಳಿಗೂ ಟಿಕೆಟ್ ಅದೆ."

"ನೂಲು ಸಾ."

"ಸದ್ಯ. ನೂಲು ಕೂಗಲ್ಲ ಬುಡಿ" ಅಂದು ಅವನು ಮುಂದಕ್ಕೆ ಹೋದ. ಹಿಂದಿನ ಸೀಟಿನವರು ನಕ್ಕರು. ನೂಲು ಅನ್ನುವ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬರುತ್ತದೆ ಎಂದುಕೊಂಡು ಮೋನಿಕಾ ಕಿಟಕಿಯ ಆಚೆ ನೋಡಿದಳು. ಮಧುವನಹಳ್ಳಿ ದಾಟಿ ಅರಿಸಿನದ ಹೊಲಗಳು, ಹಿಪ್ಪುನೇರಳೆಯ ಸಾಲು, ಒಂದು ಗುಡಿಯ ಮುಂದೆ ಒಣಗಲು ಹಾಕಿದ ಮೆಣಸಿನಕಾಯಿ. ಅವತ್ತೂ ಮಾತು ಹೀಗೆಯೇ ಬಂದಿತ್ತು, ಸಲೀಸಾಗಿ.

ಧಾರೆ ಸೀರೆಯ ಮೊದಲ ಲಡಿಯನ್ನು ಅವರ ಮನೆಯಲ್ಲಿ ಮೋಟಾರಿಗೆ ಹಾಕುವುದಿಲ್ಲ. ಮದುವೆಯಾಗುವ ಹುಡುಗಿ ಅರಿಸಿನ ಹಚ್ಚಿದ ಕೈ ನೀಡಬೇಕು, ಮನೆಯ ಹಿರಿಯ ಹೆಂಗಸು ಅವಳ ಕೈಯಿಂದ ಎಳೆ ಬಿಡಿಸಿ ಉಂಡೆ ಸುತ್ತಬೇಕು. ಉಳಿದ ಲಡಿಗಳು ಆಮೇಲೆ ಮೆಷಿನ್ನಿಗೆ ಹೋಗಲಿ, ಎಲ್ಲಿಗಾದರೂ ಹೋಗಲಿ. ಗಂಡ ಸತ್ತವಳು ಸುತ್ತಬಹುದಾ ಅಂತ ಯಾರೋ ಒಬ್ಬರು ಎತ್ತಿದ್ದಕ್ಕೆ ಅಪ್ಪ, ಈ ಮನೇಲಿ ಅತ್ತಿಗೆ ಬಿಟ್ಟರೆ ಇನ್ನು ಯಾರೂ ಸುತ್ತಕೂಡದು ಅಂದಿದ್ದ. ಅಷ್ಟರಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇತ್ತು. ತಮ್ಮ ಹೇಮಂತ್ ಫೋನನ್ನು ಕಿಟಕಿಯಲ್ಲಿ ಉಪ್ಪಿನ ಜಾಡಿಗೆ ಒರಗಿಸಿಟ್ಟು, ಯಳಂದೂರಿಗೆ ವಿಡಿಯೊ ಕಾಲ್ ಮಾಡಿಕೊಟ್ಟು, ಬೀದಿಯಲ್ಲಿ ಯಾರೋ ಕರೆದರೆಂದು ಹೋದ. ಅಮ್ಮ ಪಾಯಸಕ್ಕೆ ಹಾಲು ಉಕ್ಕುತ್ತದೆಂದು ಒಳಗೆ ಹೋದಳು. ಯಳಂದೂರಿನಲ್ಲಿ ಮದುವೆ ಗಂಡು ದಿನೇಶನ ಮನೆಯವರದು ಬಟ್ಟೆ ಅಂಗಡಿ. ದಿನೇಶನ ತಾಯಿ ಯಾವಾಗ ನೋಡಿದರೂ ಅಂಗಡಿಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಸೀರೆಯಲ್ಲೇ ಇರುತ್ತಾರೆ. ಹಣೆ, ಕನ್ನಡಕ, ಹಿಂದೆ ಗಾಜಿನ ಕಪಾಟು, ಅಷ್ಟು ಕಾಣುತ್ತಿತ್ತು. ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ. ಆ ಚೌಕದಲ್ಲಿ ಮೋನಿಕಾ ತನ್ನನ್ನು ನೋಡಿಕೊಂಡಳು, ಜುಮಕಿ ಸರಿಯಾಗಿ ಕಾಣುತ್ತಿದೆಯಾ ಅಂತ. ತನ್ನ ಎದುರಿಗೆ ಒಬ್ಬ ಹೆಂಗಸು ಕೂತಿರುವುದೂ ಕಂಡಿತು. ತೋಳಿನ ಹತ್ತಿರ ಹೊಲಿಗೆ ಬಿಟ್ಟ ರವಿಕೆ, ಎಲೆಅಡಿಕೆಯ ಕೆಂಪು ಕಪ್ಪಾದ ಹಲ್ಲು, ಆ ಹಲ್ಲಿನಲ್ಲಿ ಒಂದು ಎಳೆ, ಚಾಚಿಟ್ಟ ಕಾಲಿನ ಹೆಬ್ಬೆರಳಿಗೆ ಇನ್ನೊಂದು ಎಳೆ. ಹುಟ್ಟಿದಾಗಿನಿಂದ ಎದುರಿಗೇ ನೋಡುತ್ತಿದ್ದ ದೊಡ್ಡವ್ವನನ್ನು ಅವಳು ಯಾವತ್ತೂ ಹೀಗೆ, ಪಕ್ಕದಿಂದ, ಚಿಕ್ಕದಾಗಿ, ಇನ್ಯಾರದೋ ಕಣ್ಣಿಗೆ ಬೀಳುವ ಹಾಗೆ ನೋಡಿರಲಿಲ್ಲ.

"ಎದುರಿಗೆ ಕೂತಿರೋರು ಯಾರಮ್ಮ?"

"ನೂಲು ಬಿಡ್ಸೋಕೆ ಬರೋರು ಆಂಟಿ."

ಬಾಯಿ ತಪ್ಪಿ ಬಂತು ಅಂತ ಹೇಳಬೇಕೆಂದು ಬಸ್ಸಿನಲ್ಲಿ ಅವಳು ಅಂದುಕೊಳ್ಳುತ್ತಿದ್ದಳು. ಆದರೆ ಬಾಯಿ ತಪ್ಪಿ ಬರುವ ಮಾತು ಎಡವುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಇದು ನಿಂತಿರಲಿಲ್ಲ. ಎಂದೋ ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದನ್ನು ಹೊತ್ತು ಬಂದಾಗ ತೆಗೆದು ಕೊಟ್ಟ ಹಾಗೆ ಬಂದಿತ್ತು, ಇಸ್ತ್ರಿ ಕೂಡ ಕೆಡದೆ. ಸುಳ್ಳೂ ಅಲ್ಲ ಅದು, ದೊಡ್ಡವ್ವ ನೂಲು ಬಿಡಿಸುತ್ತಾಳೆ ತಾನೆ ಎಂದು ಒಳಗೆ ಯಾರೋ ವಕೀಲರ ದನಿಯಲ್ಲಿ ಆಗಲೇ ಹೇಳಿದ್ದರು. ಆದರೆ ಬರೋರು ಅಂದದ್ದು? ಎಲ್ಲಿಂದ ಬರೋರು? ಮಗ್ಗದ ಮನೆಯ ಮೂಲೆಯ ಚಾಪೆಯಿಂದ ಎದ್ದು ಬರೋರು. ಅಷ್ಟರಲ್ಲಿ ಯಳಂದೂರಿನಿಂದ, ಸ್ವಲ್ಪ ನೀಟಾಗಿ ಮಾಡೋದಕ್ಕೆ ಹೇಳಮ್ಮ ಅವರಿಗೆ, ಎಳೆ ಬಾಯಲ್ಲಿ ಕಚ್ಕೊಂಡಿದ್ದಾರೆ, ಧಾರೆ ಸೀರೆ ಅಲ್ವಾ ಅಂತ ಬಂತು. ಹೂಂ ಆಂಟಿ ಅಂದಳು ಮೋನಿಕಾ. ಅವರು ಇನ್ನೊಮ್ಮೆ ಹೇಳಿದಾಗಲೂ ಹೂಂ ಅಂದಳು. ದೊಡ್ಡವ್ವ ಬಾಯಿಂದ ಎಳೆ ತೆಗೆದು, ಸೆರಗಿಗೆ ತುಟಿ ಒರೆಸಿಕೊಂಡಳು. ತಲೆ ಎತ್ತಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ, ಅದೇ ವೇಗದಲ್ಲಿ ಉಂಡೆ ತಿರುಗುತ್ತಲೇ ಇತ್ತು. ಎಳೆ ಎಡದಿಂದ ಬಂತು, ಬಲದಿಂದ ಬಂತು, ಮಣಿಕಟ್ಟನ್ನು ಮೆಲ್ಲಗೆ ಸವರಿಕೊಂಡು, ಬಿಗಿಯದೆ, ಸಡಿಲವಾಗದೆ. ಕೈಗಳು ಅವುಗಳ ಪಾಡಿಗೆ ತಗ್ಗುತ್ತಿದ್ದವು. ಆ ಮೆಲ್ಲನೆ ಮುಟ್ಟುವುದನ್ನು ಅವಳು ತಡೆದುಕೊಳ್ಳಲಾರದೆ ಹೋದಳು. ಇಲ್ಲಿ ಸಿಗ್ನಲ್ ಸರಿಯಿಲ್ಲ ಆಂಟಿ ಅಂತ ಫೋನಿಗೆ ಹೇಳಿ, ಬಳೆ ಕಳಚುವ ಹಾಗೆ ಲಡಿಯನ್ನು ಕೈಯಿಂದ ಕಳಚಿ ಚಾಪೆಯ ಮೇಲೆ ಬಿಟ್ಟು, ಫೋನು ತಗೊಂಡು ಹಿತ್ತಲಿಗೆ ನಡೆದಳು. ಒಂದು ಕಡೆಯೂ ಕಟ್ಟಿರಲಿಲ್ಲ. ತಿರುಗಿ ಬಂದಾಗ ಚಾಪೆಯ ಮೇಲೆ ರೇಷ್ಮೆ ಕುಸಿದು ಗುಡ್ಡೆಯಾಗಿತ್ತು, ಅದರ ಮೇಲೆ ಅರ್ಧ ಸುತ್ತಿದ ಉಂಡೆ. ದೊಡ್ಡವ್ವ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು, ಅರಿಸಿನ ಹೋಗುವವರೆಗೆ.

ಮರುದಿನ ತಮ್ಮನ ಮನೆಗೆ ಹೋಗ್ಬರ್ತೀನಿ ಅಂತ ಹೊರಟವಳನ್ನು ಬಸ್‌ಸ್ಟ್ಯಾಂಡಿಗೆ ಸ್ಕೂಟಿಯಲ್ಲಿ ಬಿಟ್ಟವಳೂ ಮೋನಿಕಾಳೇ. ದಾರಿಯುದ್ದಕ್ಕೂ ಬೆನ್ನ ಹಿಂದೆ ಇದ್ದಳು, ಒಂದು ಮಾತು ಅನ್ನಬಹುದಾಗಿತ್ತು. ಯಾವಾಗಲೂ ಅವಳ ಹೆಗಲು ಹಿಡಿದು, ಗುಂಡಿ ಬಂದರೆ ಇನ್ನಷ್ಟು ಅಮುಕಿ, ಮೆಲ್ಗೆ ಓಡಿಸು ಕೂಸು ಅನ್ನುವ ದೊಡ್ಡವ್ವ ಆ ದಿನ ಸೀಟಿನ ಹಿಂದಿನ ಕಬ್ಬಿಣದ ಕಂಬಿ ಹಿಡಿದು ಕೂತಿದ್ದಳು. ಹೆಗಲ ಮೇಲೆ ಕೈಯಿಲ್ಲ ಎಂಬುದೇ ಒಂದು ಭಾರವಾಗಿ, ಮೋನಿಕಾ ಎರಡು ಸಲ ಬ್ರೇಕನ್ನು ಜೋರಾಗಿ ಒತ್ತಿದಳು. ಆಗಲೂ ದೊಡ್ಡವ್ವ ಕಂಬಿ ಬಿಡಲಿಲ್ಲ.

ಕಾಮಗೆರೆಯಲ್ಲಿ ಇಳಿದು ಮೊರ ಹೊತ್ತು ನಡೆಯುವಾಗ ಗಾಳಿಗೆ ಪಂಚೆ ಹಾರದಂತೆ ಗದ್ದದಿಂದ ಒತ್ತಿಕೊಂಡಳು. ದೊಡ್ಡವ್ವನ ತಮ್ಮ ಬಿಳಿಗಿರಿಯ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ. ದೊಡ್ಡವ್ವ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು ಎರಡು ಕಡ್ಡಿಗಳಲ್ಲಿ ಏನೋ ಹೆಣೆಯುತ್ತಿದ್ದಳು. ರೇಷ್ಮೆಯಲ್ಲ, ಉಲ್ಲನ್. ಗಿಳಿಹಸಿರು, ಗುಲಾಬಿ, ಕಣ್ಣಿಗೆ ಹೊಡೆಯುವ ಬಣ್ಣಗಳು. ಅಂಥ ಬಣ್ಣವನ್ನು ಕೊಳ್ಳೇಗಾಲದಲ್ಲಿ ಅವಳು ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೋನಿಕಾಳನ್ನು ಕಂಡು ಕಡ್ಡಿ ಕೆಳಗಿಟ್ಟು, ಬಾ ಕೂಸು, ಬಿಸಿಲಲ್ಲಿ ಬಂದಿದೀಯ ಅಂದು, ಒಳಕ್ಕೆ ತಿರುಗಿ, "ದೀಪಾ, ಒಂದು ಕುರ್ಚಿ ತಕಬಾವ್ವ" ಅಂದಳು. ತಮ್ಮನ ಸೊಸೆ ದೀಪ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಹಾಕಿದಳು. ಮೋನಿಕಾ ಎಂದೂ ದೊಡ್ಡವ್ವನ ಮುಂದೆ ಕುರ್ಚಿಯಲ್ಲಿ ಕೂತವಳಲ್ಲ. ಆದರೂ ಕೂತಳು. ಕೂತಮೇಲೆ ದೊಡ್ಡವ್ವನ ಬೈತಲೆ ಕಂಡಿತು, ಅಲ್ಲಿನ ಬಿಳಿ ಕೂದಲು, ಹೊಲಿಗೆ ಹಾಕಿಕೊಂಡ ರವಿಕೆಯ ತೋಳು. ಯಾವಾಗ ಹಾಕಿಕೊಂಡಳೋ.

ನೀರು ಬಂತು, ಮಜ್ಜಿಗೆ ಬಂತು. ಆಸ್ಪತ್ರೆಯಲ್ಲಿ ತೂಕ ಸಾಲದೆ ಹುಟ್ಟುವ ಕೂಸುಗಳ ತಲೆಗೆ ಟೋಪಿ ಬೇಕಂತೆ, ಈ ಬೀದಿಯ ಹೆಂಗಸರು ಬಿಡುವಾದಾಗ ಹೆಣೆದು ಕೊಡುತ್ತಾರಂತೆ, ದೀಪಳೇ ಕಡ್ಡಿ ಹಿಡಿಯುವುದನ್ನು ಹೇಳಿಕೊಟ್ಟಳಂತೆ. ಮೊದಲೆರಡು ದಿನ ಟೋಪಿ ಹೆಣೆಯಲು ಹೋದರೆ ಚೀಲ ಆಗ್ತಿತ್ತು ಅಂತ ದೀಪ ನಕ್ಕಳು. ದೊಡ್ಡವ್ವನೂ ನಕ್ಕಳು. ಪಕ್ಕದಲ್ಲಿ ಅಂಗೈಯಷ್ಟಗಲದ ಒಂದು ತೆಂಗಿನಕಾಯಿ ಇತ್ತು, ಅದಕ್ಕೆ ಒಂದು ಗುಲಾಬಿ ಟೋಪಿ ಹಾಕಿಟ್ಟಿತ್ತು, ಅಳತೆಗೆ. ತೆಂಗಿನಕಾಯಿಯ ಮೂರು ಕಣ್ಣುಗಳು ಟೋಪಿಯ ಕೆಳಗಿಂದ ಮೋನಿಕಾಳನ್ನೇ ನೋಡುತ್ತಿದ್ದವು. ದೊಡ್ಡವ್ವ ಇಲ್ಲಿ ನಗುತ್ತಿದ್ದಾಳೆ ಎಂಬುದು ಅವಳಿಗೆ ಬೇಕಾದ ಹಾಗಿರಲಿಲ್ಲ. ಮುಖ ಬಾಡಿಸಿಕೊಂಡು ಕೂತಿರುತ್ತಾಳೆ, ತನ್ನನ್ನು ಕಂಡು ಮುಖ ತಿರುಗಿಸುತ್ತಾಳೆ, ಆಮೇಲೆ ಅಳುತ್ತಾಳೆ, ತಾನೂ ಅಳಬಹುದು ಎಂದುಕೊಂಡು ಬಂದಿದ್ದಳು. ಅಳುವುದಕ್ಕೆ ಇಲ್ಲಿ ಜಾಗವೇ ಇರಲಿಲ್ಲ.

"ದೊಡ್ಡವ್ವ, ಅವತ್ತು..." ಅಂದಳು, ದೀಪ ಲೋಟ ತಗೊಂಡು ಒಳಗೆ ಹೋದ ಮೇಲೆ.

"ಮೊರ ಇತ್ಲಾಗೆ ಕೊಡು, ನೋಡವ."

ಪಂಚೆ ಸರಿಸಿದಳು ದೊಡ್ಡವ್ವ. ಮುಟ್ಟದೆ ಒಂದು ಸುತ್ತು ನೋಡಿದಳು. ಆಮೇಲೆ ಎರಡೂ ಅಂಗೈಗಳನ್ನು ಸಿಕ್ಕಿನ ಕೆಳಗೆ ತೂರಿಸಿ, ನೀರಿನಿಂದ ಮೇಲೆತ್ತುವ ಹಾಗೆ ಎತ್ತಿ, ಒಂದೆರಡು ಸಲ ಮೆಲ್ಲಗೆ ಕೊಡವಿದಳು. ಗಟ್ಟಿಯಾಗಿ ಕೂತಿದ್ದದ್ದು ಅಷ್ಟಕ್ಕೇ ಉಸಿರೆಳೆದುಕೊಂಡು ಅಗಲವಾಯಿತು. ನಡುವೆ ಒಂದು ತೂತು ಕಾಣಿಸಿತು. ಅದರೊಳಗೆ ಬೆರಳಿಟ್ಟಳು. ಎಳ್ದು ಎಳ್ದು ಬಿಗಿ ಮಾಡ್ಬುಟ್ಟಿದ್ದೀಯ, ಇಲ್ಲಿ ಹರ್ದಿದ್ದೀಯ, ಇಲ್ಲೂ ಹರ್ದಿದ್ದೀಯ ಎಂದು ತೋರಿಸುತ್ತ ಹೋದಳು, ಬಯ್ಯುವ ದನಿಯಲ್ಲಲ್ಲ, ಯಾರದೋ ಮೈಮೇಲಿನ ಗಾಯ ಎಣಿಸುವ ಹಾಗೆ. ಆ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಮೋನಿಕಾಳಿಗೆ ತಾನು ಹಲ್ಲು ಕಚ್ಚಿ ಎಳೆದದ್ದು ನೆನಪಾಗುತ್ತಿತ್ತು.

ಆ ಹೊತ್ತಿಗೆ ಹಾಲಿನ ಕ್ಯಾನು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಶಿವರತ್ನಮ್ಮ ನಿಂತಳು. ಕುರ್ಚಿ ಹಾಕಿಸಿಕೊಂಡು ಕೂತವಳನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಯಾರ್ ಮಾದೇವಕ್ಕ ಇವ್ರು, ಬಂದಿರಾದು?"

ಮೋನಿಕಾ ದೊಡ್ಡವ್ವನ ಬಾಯಿಯನ್ನೇ ನೋಡಿದಳು. ಬರಲಿ ಅಂದುಕೊಂಡಳು. ನೂಲು ಬಿಡಿಸ್ಕೊಳ್ಳಾಕೆ ಬಂದವ್ರೆ ಅನ್ನಲಿ, ಕೊಳ್ಳೇಗಾಲದೋರು ಯಾರೋ ಅನ್ನಲಿ. ಅಂದುಬಿಟ್ಟರೆ ಅಲ್ಲಿಗೆ ಸರಿಹೋಗುತ್ತದೆ, ಒಂದು ಕಡೆಯದಕ್ಕೆ ಇನ್ನೊಂದು ಕಡೆಯದು ಕಟ್ಟಿದ ಹಾಗಾಗುತ್ತದೆ, ಆಮೇಲೆ ಇಬ್ಬರೂ ನೆಲದ ಮೇಲೆ ಕೂರಬಹುದು. ಅವಳು ಬಯಸಿದ್ದು ಅದನ್ನೇ ಎಂಬುದು ಅವಳಿಗೆ ಆ ಕ್ಷಣ ತಿಳಿಯಿತು. ಇಷ್ಟು ದೂರ ಮೊರ ಹೊತ್ತು ತಂದದ್ದು ಒಂದು ಪೆಟ್ಟು ತಿನ್ನುವುದಕ್ಕೆ.

"ನಮ್ಮ ಮೋನಿ ಕನ" ಅಂದಳು ದೊಡ್ಡವ್ವ, ಬೆರಳು ತೆಗೆಯದೆ. "ನಾನೇ ಎತ್ತಾಡ್ಸಿ ಸಾಕಿದ್ದು. ಮದ್ವೆ ಅದೆ ಇವಳ್ದು, ಯಳಂದೂರ್‌ಗೆ ಕೊಡ್ತಾವ್ರೆ."

"ಅಯ್, ಅದ್ಕೇಯ ಕುರ್ಚಿ ಮ್ಯಾಲೆ ಕೂರ್ಸಿದ್ದೀಯಾ" ಅಂತ ನಕ್ಕು ಶಿವರತ್ನಮ್ಮ ಕ್ಯಾನು ಕೈ ಬದಲಾಯಿಸಿಕೊಂಡು ಹೋದಳು.

ಕುರ್ಚಿಯ ಪ್ಲಾಸ್ಟಿಕ್ಕು ತೊಡೆಗೆ ಅಂಟಿಕೊಂಡು ಸುಡುತ್ತಿತ್ತು. ಮೋನಿಕಾ ಏನೇನೋ ಒಟ್ಟಿಗೆ ಹೇಳಿದಳು. ಆಂಟಿಗೆ ನಾನೇ ಹೇಳ್ತೀನಿ ದೊಡ್ಡವ್ವ ಅಂದಳು, ಇವತ್ತೇ ಫೋನ್ ಮಾಡಿ ನೀನು ಯಾರು ಅಂತ ಹೇಳ್ತೀನಿ. ಅಪ್ಪನಿಗೂ ಅಮ್ಮನಿಗೂ ಹೇಳ್ತೀನಿ. ನೀನು ಬಂದು ಇನ್ನೊಂದು ಲಡಿಯಲ್ಲಿ ಮತ್ತೆ ಮೊದಲಿಂದ ಮಾಡು, ಎಲ್ಲರೂ ಕೂತು ನೋಡಲಿ, ಫೋನು ಎದುರಿಗೇ ಇಡೋಣ. ಹೇಳುತ್ತಿರುವಾಗಲೇ ಆ ಮಾತುಗಳು ತನಗೆ ಒಪ್ಪುವ ಒಂದು ಚಿತ್ರವಾಗಿ ಜೋಡಣೆಯಾಗುತ್ತಿರುವುದು, ಆ ಚಿತ್ರದಲ್ಲಿಯೂ ತಾನು ಮೂಲೆಯ ಚೌಕದಲ್ಲಿ ತನ್ನನ್ನು ನೋಡಿಕೊಳ್ಳುತ್ತಿರುವುದು ಅವಳಿಗೆ ಕಂಡಿತು. ದನಿ ಇಳಿಯಿತು.

ದೊಡ್ಡವ್ವ ಒಂದು ಎಳೆಯನ್ನು ಸಿಕ್ಕಿನಿಂದ ಬೇರೆ ಮಾಡಿ, ಅದರ ತುದಿಯನ್ನು ಮೊರದ ಅಂಚಿಗೆ ಸಿಕ್ಕಿಸಿ ಗುರುತು ಮಾಡಿದಳು. "ಈಗ ಹೇಳುದ್ರೆ, ಅವತ್ತು ಯಾಕೆ ಅಂಗಂದೆ ಅಂತ ಕೇಳ್ತಾರೆ. ಓಗೋ ಮನೇಲಿ ಮೊದ್ಲೇ ಸುಳ್ಳಿ ಅನ್ನಿಸ್ಕತೀಯ. ಬ್ಯಾಡ, ಸುಮ್ಕಿರು. ನೂಲು ಇಲ್ಲಿಟ್ಟೋಗು. ಬಿಡಿಸಿ, ನಾಕ್ ಕಡೆ ಕಟ್ಟಿ, ಬಿಳಿಗಿರಿ ಕೈಲಿ ಕಳುಸ್ತೀನಿ."

"ನೀನು?"

"ಧಾರೆ ದಿನ ಬತ್ತೀನಿ. ಬರ್ದೆ ಇದ್ದೀನಾ. ಎಲ್ರಂಗೆ ಬಂದು, ಅಕ್ಷತೆ ಹಾಕಿ, ಉಂಡು ಬತ್ತೀನಿ."

ಎಲ್ಲರ ಹಾಗೆ. ಮೋನಿಕಾ ಆ ಮಾತನ್ನು ಒಳಗೇ ಹೊರಳಿಸಿ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಕುಟುಕೂ ಇರಲಿಲ್ಲ, ಎಳೆದರೆ ಬರುವಂಥ ಯಾವ ತುದಿಯೂ ಇರಲಿಲ್ಲ. ಚಪ್ಪರದಲ್ಲಿ ಕೊನೆಯ ಸಾಲಿನ ಎಲೆಯ ಮುಂದೆ ದೊಡ್ಡವ್ವ ಕೂತು ಉಣ್ಣುವುದು ಕಂಡಿತು. ಬಡಿಸುವವನು ಪಾಯಸ ಬೇಕೇನಮ್ಮಾ ಅಂತ ಕೇಳುವುದು, ಸಾಕು ಅಂತ ಅವಳು ಅಂಗೈ ಅಡ್ಡ ಹಿಡಿಯುವುದು. ಮನೆಗೆ ಯಾವಾಗ ಬರ್ತೀಯ ಎಂದು ಕೇಳಿದಳು. ದೊಡ್ಡವ್ವ ಮೊರವನ್ನು ಪಂಚೆಯಿಂದ ಮುಚ್ಚಿ, ಗೋಡೆಯ ಗೂಡಿಗೆ ಎತ್ತಿಟ್ಟಳು, ಗಿರಾಕಿಗಳ ಗಂಟು ಇಡುವ ಹಾಗೆ, ಜೋಪಾನವಾಗಿ. ಆಮೇಲೆ ತನ್ನ ಜಾಗದಲ್ಲಿ ಕೂತು ಚೀಲದಿಂದ ಗಿಳಿಹಸಿರಿನ ಒಂದು ಉಲ್ಲನ್ ಲಡಿ ತೆಗೆದಳು. ಸಂಜೆಯೊಳಗೆ ಇನ್ನೊಂದು ಟೋಪಿ ಆಗಬೇಕಂತೆ, ಅವಳಿ ಹುಟ್ಟಿವೆಯಂತೆ, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಇಲ್ಲ ಅಂದರೆ ಹೇಗೆ ಅಂದಳು.

ಬಿಚ್ಚಿದ ಲಡಿಗೆ ಎರಡು ಕೈ ಬೇಕು. ಅದು ಮೋನಿಕಾಳಿಗೆ ಗೊತ್ತಿದ್ದ ಹಾಗೆ ಇನ್ನು ಯಾವುದೂ ಗೊತ್ತಿರಲಿಲ್ಲ. ಅವಳು ಕುರ್ಚಿಯಿಂದ ಇಳಿದಳು. ಬರಿಯ ನೆಲದ ಮೇಲೆ ದೊಡ್ಡವ್ವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಬಲಗೈಯ ವಾಚು ಬಿಚ್ಚಿ ಪಕ್ಕಕ್ಕಿಟ್ಟಳು. ಬಳೆಗಳನ್ನು ಮೊಣಕೈಯತ್ತ ಸರಿಸಿದಳು. ಮಣಿಕಟ್ಟುಗಳ ಒಳಭಾಗದಲ್ಲಿ ಅರಿಸಿನದ ಬಣ್ಣ ಇನ್ನೂ ತೆಳ್ಳಗೆ ಉಳಿದಿತ್ತು. ಒಳಗಿಂದ ದೀಪ ಪಾತ್ರೆ ತೊಳೆಯುವ ಸದ್ದು, ಆಚೆ ಹೆದ್ದಾರಿಯಲ್ಲಿ ಬೆಟ್ಟದ ಬಸ್ಸು ಹಾರನ್ ಮಾಡಿ ದಾಟಿದ್ದು. ಅವಳು ಎರಡೂ ಕೈಗಳನ್ನು ಮುಂದಕ್ಕೆ ನೀಡಿದಳು, ಬೆರಳು ಮೇಲೆ ಮಾಡಿ, ಹೆಬ್ಬೆರಳು ಒಳಗೆ ಮಡಚಿ, ಕಲಿಸಿದ ಹಾಗೆ. ಇನ್ನೂ ಎಳೆ ಬಂದಿರಲಿಲ್ಲ. ಆದರೂ ಎಡಗೈ ಒಂಚೂರು ತಗ್ಗಿತು, ಬಲಗೈ ಒಂಚೂರು ತಗ್ಗಿತು.

ದೊಡ್ಡವ್ವ ಆ ಕೈಗಳನ್ನು ನೋಡಿದಳು. ಲಡಿಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದವಳು ಕಾಲು ಚಾಚಿ, ಖಾಲಿಯಾಗಿದ್ದ ನೀಲಿ ಕುರ್ಚಿಯನ್ನು ಪಾದದಿಂದ ತನ್ನತ್ತ ಎಳೆದುಕೊಂಡು, ಲಡಿಯನ್ನು ಅದರ ಬೆನ್ನಿಗೆ ಹಾಕಿದಳು.

"ಬ್ಯಾಡ" ಅಂದಳು. "ನಂಗೆ ಕುರ್ಚಿ ಸಾಕು."